ಬಡ್ಡಿ ಕಡಿಮೆ ಅಂತ ಸಹಿ ಹಾಕುವ ಮೊದಲು...

ಮೊನ್ನೆ ರಾತ್ರಿ ಅಮೆರಿಕದಿಂದ ಫೋನು. ಇಪ್ಪತ್ತು ವರ್ಷದ ಹಿಂದೆ ನಮ್ಮ ಕಾಸರಗೋಡಿನ ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗಿ. ಮದುವೆಯಾಗಿ ಹೋದವಳಿಗೆ ಈಗ ಗ್ರೀನ್ ಕಾರ್ಡ್ ಉಂಟು. ಅಲ್ಲಿಯೇ ಎಂ.ಎಡ್. ಮಾಡಿ ಸರಕಾರಿ ಶಾಲೆಯಲ್ಲಿ ಟೀಚರ್ ಆಗಬೇಕಂತೆ. ಕೇಳಿ ಖುಷಿಯಾಯಿತು!

ಪ್ರಶ್ನೆ ಮಾತ್ರ ಸಾಲದ್ದು. "ಸರ್, ಖಾಸಗಿ ಬ್ಯಾಂಕಿನ ಬಡ್ಡಿ ಫೆಡರಲ್ ಸಾಲಕ್ಕಿಂತ ಕಡಿಮೆ. ಭಾವ ಜಾಮೀನು ಹಾಕುತ್ತಾರೆ. ಅದನ್ನೇ ತೆಗೆದುಕೊಳ್ಳಲಾ?"

ಬೇಡ ಅಂದೆ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ, ಇನ್ನೊಬ್ಬರಿಗೂ ಉಪಯೋಗವಾದೀತು.

ಫೆಡರಲ್ ಸಾಲವೇನೂ ಧರ್ಮಕ್ಕೆ ಸಿಗುವುದಲ್ಲ ಮಾರಾಯರೆ. ಸ್ನಾತಕೋತ್ತರದವರಿಗೆ ಸಿಗುವುದು ಸಬ್ಸಿಡಿ ಇಲ್ಲದ ಸಾಲ. 2025-26ರಲ್ಲಿ ಅದರ ಬಡ್ಡಿ 7.94 ಶೇಕಡಾ. 20,500 ಡಾಲರ್ ತೆಗೆದುಕೊಂಡರೆ ಓದುತ್ತಿರುವಾಗಲೇ ತಿಂಗಳಿಗೆ ಸುಮಾರು 135 ಡಾಲರ್ ಬಡ್ಡಿ ಬೆಳೆಯುತ್ತದೆ. ಒಳ್ಳೆಯ ಕ್ರೆಡಿಟ್ ಸ್ಕೋರ್ ಇದ್ದವರಿಗೆ ಖಾಸಗಿಯವರು ಇದಕ್ಕಿಂತ ಕಡಿಮೆಗೆ ಕೊಡುವುದೂ ಉಂಟು.

ಆದರೆ ಕೆಲಸ ಹೋದ ದಿನ ಏನಾಗುತ್ತದೆ? ಫೆಡರಲ್ ಸಾಲದಲ್ಲಿ ಆದಾಯ ನೋಡಿ ಕಂತು ಕಟ್ಟುವ ದಾರಿ ಉಂಟು. ಸರಕಾರಿ ಶಾಲೆಯಂಥ ಕಡೆ ದುಡಿಯುತ್ತಾ 120 ಕಂತು ಕಟ್ಟಿದರೆ ಉಳಿದ ಸಾಲ ಮನ್ನಾ ಆಗುವ ಯೋಜನೆ 2007ರಿಂದ ಉಂಟು. ಟೀಚರ್ ಆಗುವವಳಿಗೆ ಇದು ಸಣ್ಣ ವಿಷಯವೇ? ಕೊರೋನಾ ಕಾಲದಲ್ಲಿ, 2020ರ ಮಾರ್ಚಿನಿಂದ 2023ರ ಆಗಸ್ಟ್ ತನಕ, ಸರಕಾರದ ಕೈಯಲ್ಲಿದ್ದ ಸಾಲಕ್ಕೆ ಬಡ್ಡಿ ಸೊನ್ನೆ. ಖಾಸಗಿ ಸಾಲಗಾರರಿಗೆ ಆ ಕಾನೂನಿನ ನೆರಳು ಸಿಗಲಿಲ್ಲ.

ಇನ್ನು ಜಾಮೀನು. ಖಾಸಗಿ ಸಾಲದಲ್ಲಿ ಇವಳು ಕಟ್ಟದಿದ್ದರೆ ಭಾವನೇ ಕಟ್ಟಬೇಕು. ಅವನ ಕ್ರೆಡಿಟ್ ಸ್ಕೋರಿಗೂ ಏಟು. ಸಬ್ಸಿಡಿ ಇಲ್ಲದ ಫೆಡರಲ್ ಸಾಲಕ್ಕೆ ಜಾಮೀನೂ ಬೇಡ, ಕ್ರೆಡಿಟ್ ಸ್ಕೋರೂ ಬೇಡ. ಸಾಲದಿಂದ ಮುರಿದ ಸಂಬಂಧಗಳನ್ನು ನಾವು ಊರಲ್ಲಿ ಎಷ್ಟು ನೋಡಿಲ್ಲ ಹೇಳಿ!

ಇದರಲ್ಲಿ ಒಂದು ತೊಡಕು ಉಂಟು. 2006ರಿಂದ ಗ್ರಾಡ್ ಪ್ಲಸ್ ಎಂಬ ಇನ್ನೊಂದು ಫೆಡರಲ್ ಸಾಲ ಪೂರ್ತಿ ಖರ್ಚಿಗೂ ಸಿಗುತ್ತಿತ್ತು. 2025ರ ಜುಲೈಯಲ್ಲಿ ಬಂದ ಕಾನೂನು ಅದಕ್ಕೆ ಬಾಗಿಲು ಹಾಕಿತು. 2026ರ ಜುಲೈ 1ರಿಂದ ಹೊಸಬರಿಗೆ ಅದಿಲ್ಲ. ಮೊದಲೇ ಅದೇ ಕೋರ್ಸಿಗೆ ಸಾಲ ಪಡೆದವರಿಗೆ ಸ್ವಲ್ಪ ಕಾಲದ ವಿನಾಯಿತಿ ಮಾತ್ರ. ಎಂ.ಎಡ್.ನಂಥ ಓದಿಗೆ ವರ್ಷಕ್ಕೆ 20,500, ಒಟ್ಟು ಒಂದು ಲಕ್ಷ ಡಾಲರ್ ಮಿತಿ. ಮಿಕ್ಕಿದ್ದಕ್ಕೆ ಖಾಸಗಿಯವರ ಬಾಗಿಲು. ಮಿತಿ ಹಾಕಿದರೆ ಕಾಲೇಜುಗಳು ಫೀಸು ಇಳಿಸುತ್ತವೆ ಎನ್ನುತ್ತಾರೆ ಕಾನೂನಿನ ಪರ ಇರುವವರು. ಇಳಿಸಿದರೆ ಒಳ್ಳೆಯದೇ. ಇಳಿಸದಿದ್ದರೆ ಜಾಮೀನು ಹಾಕುವ ಭಾವ ಇಲ್ಲದ ಬಡವರ ಮಕ್ಕಳು ಎಲ್ಲಿಗೆ ಹೋಗಬೇಕು?

ಹಾಗಾಗಿ ನಾನು ಹೇಳಿದ್ದು ಇಷ್ಟು. ಮೊದಲು ಫೆಡರಲ್ ಸಾಲ, ಮಿತಿಯ ತನಕ. ಆಮೇಲೂ ಹಣ ಸಾಲದಿದ್ದರೆ ಕಡಿಮೆ ಫೀಸಿನ ಕಾಲೇಜು ನೋಡು, ಕೆಲಸ ಮಾಡುತ್ತಾ ಓದು. ಖಾಸಗಿ ಸಾಲ ಕೊನೆಗೆ. ಅದೂ ಬದಲಾಗದ ಬಡ್ಡಿಯದ್ದು. ಮುಂದೆ ಯಾರಾದರೂ "ಫೆಡರಲ್ ಸಾಲವನ್ನು ನಮಗೆ ವರ್ಗಾಯಿಸಿ, ಬಡ್ಡಿ ಇಳಿಸುತ್ತೇವೆ" ಅಂದರೆ ಹತ್ತು ಸಲ ಯೋಚಿಸು. ಒಮ್ಮೆ ಹೋದರೆ ಆ ರಕ್ಷಣೆಗಳು ವಾಪಸು ಬರುವುದಿಲ್ಲ.

ಇಲ್ಲಿಂದ ವಿದ್ಯಾರ್ಥಿ ವೀಸಾದಲ್ಲಿ ಹೋಗುವ ನಮ್ಮ ಮಕ್ಕಳೇ, ನೆನಪಿಡಿ. ನಿಮಗೆ ಫೆಡರಲ್ ಸಾಲ ಸಿಗುವುದೇ ಇಲ್ಲ. ಅಲ್ಲಿಯ ನೆಂಟರ ಲೆಕ್ಕ ನೋಡಿ ಹೊರಡಬೇಡಿ.

ನೀವೇನಂತೀರಿ?