ಗಡಿಯಾರ ನಿಲ್ಲುವುದಿಲ್ಲ, ಪಂಚಾಯಿತಿ ಮುಗಿಯುವುದಿಲ್ಲ

ಸೇಡಮ್ಮಿನಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮನೆ ಕಟ್ಟಿಸಿದರೆಂದು ಭಾವಿಸೋಣ. ನಿವೃತ್ತಿಯಲ್ಲಿ ಬಂದ ಹಣವನ್ನೆಲ್ಲ ಅದಕ್ಕೆ ಸುರಿದಿದ್ದಾರೆ. ಗುತ್ತೇದಾರನು ಪರಿಚಿತ, ಮೇಲಾಗಿ ಒಂದೇ ಮೊಹಲ್ಲಾದವನು. ಆದ್ದರಿಂದ ಕರಾರು ಬಾಯಿಮಾತಿನಲ್ಲೇ ಮುಗಿದಿದೆ. 2022ರ ಮೇ ತಿಂಗಳಲ್ಲಿ ಬೀಗದ ಕೈ ಕೈಸೇರಿತು. ಜುಲೈ ಮಳೆಗೆ ಛತ್ತು ಸೋರಿತು, ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಕಾಣಿಸಿತು. ‘ಮಳಿ ನಿಲ್ಲಲಿ ಸರ, ಮಾಡಿ ಕೊಡ್ತೀನ್ರಿ’ ಎಂದ ಗುತ್ತೇದಾರ. ಮರುವರ್ಷವೂ ಅದೇ ಮಾತು. ಮಸೀದಿಯ ಕಮಿಟಿಯ ಹಿರಿಯರು ಇಬ್ಬರನ್ನೂ ಕೂರಿಸಿ ಚಹಾ ಕುಡಿಸಿದರು. ಕೋರ್ಟು ಕಚೇರಿ ಏತಕ್ಕೆ, ನಾವಿಲ್ಲವೇ ಎಂದರು. ಇನ್ನೂ ಒಂದು ವರ್ಷ ಕಳೆಯಿತು. 2025ರ ಜೂನ್‌ನಲ್ಲಿ ಶಿಕ್ಷಕರು ಕೊನೆಗೂ ವಕೀಲರ ಮೆಟ್ಟಿಲು ಹತ್ತಿದರು. ವಕೀಲರು ಕೇಳಿದ್ದು ಎರಡೇ ಪ್ರಶ್ನೆ. ಬರಹದಲ್ಲಿ ಏನಿದೆ? ಮನೆಯನ್ನು ಎಂದು ವಹಿಸಿಕೊಂಡಿರಿ?

ಮೊದಲನೆಯದಕ್ಕೆ ಉತ್ತರವಿರಲಿಲ್ಲ. ಎರಡನೆಯದಕ್ಕೆ ಕೊಟ್ಟ ಉತ್ತರವೇ ಅವರ ದಾವೆಯ ಉಸಿರುಗಟ್ಟಿಸಿತು.

ಇದು ಕಲ್ಪಿತ ಉದಾಹರಣೆ. ಆದರೆ ಚಿತ್ತಾಪುರದಲ್ಲಾಗಲಿ, ವಾಡಿಯಲ್ಲಾಗಲಿ, ಶಹಾಬಾದ್ ಅಥವಾ ಚಿಂಚೋಳಿಯಲ್ಲಾಗಲಿ ಇಂಥದ್ದನ್ನು ಕಂಡಿಲ್ಲ ಎನ್ನುವ ಓದುಗರು ವಿರಳ.

ವಕೀಲರ ಬಾಯಲ್ಲಿ ‘ಲಿಮಿಟೇಶನ್’ ಎನಿಸಿಕೊಳ್ಳುವ 1963ರ ಕಾಲಪರಿಮಿತಿ ಕಾಯ್ದೆಯ ಅನುಸೂಚಿಯಲ್ಲಿ ಪ್ರತಿಯೊಂದು ಬಗೆಯ ದಾವೆಗೂ ಒಂದು ಗಡುವಿದೆ. ಕರಾರು ಮುರಿದದ್ದಕ್ಕೆ ಪರಿಹಾರ ಕೇಳಲು 55ನೆಯ ಅನುಚ್ಛೇದದ ಪ್ರಕಾರ ಮೂರು ವರ್ಷ. ಈ ಮೂರು ವರ್ಷ ಯಾವ ದಿನದಿಂದ ಎಂಬುದೇ ಇಲ್ಲಿನ ಗಂಟು. ಕರಾರು ಮುರಿದ ದಿನದಿಂದ ಎನ್ನುತ್ತದೆ ಕಾಯ್ದೆ. ದೋಷವು ನಿಮ್ಮ ಅರಿವಿಗೆ ಬಂದ ದಿನದಿಂದ ಎಂದು ಅದು ಹೇಳುವುದಿಲ್ಲ. ಹೇಳಬೇಕೆನಿಸಿದ ಕಡೆ ಅದು ಹೇಳಿದೆ. ದಸ್ತಾವೇಜು ರದ್ದುಪಡಿಸುವ ದಾವೆಗೆ ಸಂಗತಿ ತಿಳಿದ ದಿನದಿಂದ ಎಣಿಕೆ ಎಂದು 59ನೆಯ ಅನುಚ್ಛೇದದಲ್ಲಿ ಸ್ಪಷ್ಟವಾಗಿದೆ. ಸೋರುವ ಮನೆಯವನಿಗೆ ಆ ಔದಾರ್ಯವಿಲ್ಲ. ಕೆಟ್ಟ ಕೆಲಸ ಮಾಡಿ ಕೀಲಿ ಒಪ್ಪಿಸಿದ ದಿನವೇ ಕರಾರು ಮುರಿದ ದಿನ ಎಂದು ಎದುರಾಳಿಯ ವಕೀಲರು ವಾದಿಸಿದರೆ ಮೇ ತಿಂಗಳಿಗೇ ಎಲ್ಲ ಮುಗಿದಿದೆ. ಗುತ್ತೇದಾರನು ಬೇಕೆಂದೇ ದೋಷವನ್ನು ಮುಚ್ಚಿಟ್ಟಿದ್ದನೆಂದು ಸಾಬೀತಾದರೆ ಮಾತ್ರ 17ನೆಯ ಕಲಮಿನ ಬಾಗಿಲು ತೆರೆಯುತ್ತದೆ. ವಂಚನೆ ಬಯಲಾದ ದಿನದಿಂದ ಎಣಿಕೆ ಆಗ ಶುರು. ಆದರೆ ಸಿಮೆಂಟು ಕಡಿಮೆ ಹಾಕಿದ್ದನ್ನು ಸಾಬೀತುಪಡಿಸುವುದೇ ಕಷ್ಟ, ಮುಚ್ಚಿಟ್ಟದ್ದನ್ನು ಸಾಬೀತುಪಡಿಸುವುದು ಇನ್ನೂ ಕಷ್ಟ!

ಕಾಯ್ದೆಯ 3ನೆಯ ಕಲಮು ಇನ್ನಷ್ಟು ಕಠಿಣ. ಅವಧಿ ಮೀರಿದೆಯೆಂದು ಪ್ರತಿವಾದಿ ತಕರಾರು ಎತ್ತದಿದ್ದರೂ ನ್ಯಾಯಾಲಯವೇ ದಾವೆಯನ್ನು ವಜಾ ಮಾಡಬೇಕು. ತಡವಾದುದಕ್ಕೆ ಕ್ಷಮೆ ಕೋರಲು ಅವಕಾಶ ನೀಡುವ 5ನೆಯ ಕಲಮು ಮೇಲ್ಮನವಿ ಮತ್ತು ಅರ್ಜಿಗಳಿಗೆ ಅನ್ವಯಿಸುತ್ತದೆಯೇ ಹೊರತು ಮೂಲ ದಾವೆಗಲ್ಲ. ಅನಾರೋಗ್ಯವಿತ್ತು, ಮಗಳ ಮದುವೆಯಿತ್ತು, ಹಿರಿಯರು ತಡೆದರು ಎಂಬ ಯಾವ ಕಾರಣವೂ ಅಲ್ಲಿ ನಡೆಯದು. ವಕೀಲರ ನೋಟಿಸು ಕಳುಹಿಸಿದರೆ ಗಡುವು ನಿಲ್ಲುತ್ತದೆಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಖಾಸಗಿ ವ್ಯಕ್ತಿಗೆ ಕೊಡುವ ಸಾಮಾನ್ಯ ನೋಟಿಸಿನಿಂದ ಒಂದು ದಿನವೂ ಹೆಚ್ಚುವುದಿಲ್ಲ. ಸಂಧಾನ ನಡೆಯುತ್ತಿತ್ತು ಎಂಬ ಮಾತ್ರಕ್ಕೆ ವ್ಯಾಜ್ಯ ಕಾರಣದ ದಿನಾಂಕ ಮುಂದೆ ಸರಿಯದು ಎಂಬುದನ್ನು ಸುಪ್ರೀಂ ಕೋರ್ಟು 2023ರಲ್ಲಿ ಮತ್ತೊಮ್ಮೆ ಖಚಿತಪಡಿಸಿದೆ. ಅಂದು ಅದರ ಮುಂದಿದ್ದುದು ದೊಡ್ಡ ಕಂಪೆನಿಯೊಂದರ ತಕರಾರು. ಸೇಡಮ್ಮಿನ ಶಿಕ್ಷಕರಿಗೂ ತತ್ವ ಅದೇ.

ಆದ್ದರಿಂದಲೇ ಈ ಲೇಖನದ ದೂರು ಗುತ್ತೇದಾರನ ಮೇಲಲ್ಲ, ಕಾಯ್ದೆಯ ಮೇಲೂ ಅಷ್ಟಾಗಿ ಅಲ್ಲ. ಇದು ಸದುದ್ದೇಶದಿಂದ ನ್ಯಾಯ ಹೇಳಲು ಕೂರುವ ನಮ್ಮ ಹಿರಿಯರ ಕುರಿತಾದ ದೂರು. ಜಮಾಅತಿನ ಕಮಿಟಿಯಿರಲಿ, ಊರ ಗೌಡರ ಕಟ್ಟೆಯಿರಲಿ, ಬಡವನನ್ನು ನ್ಯಾಯಾಲಯದ ಅಲೆದಾಟದಿಂದ ಪಾರು ಮಾಡುವ ಇರಾದೆ ಒಳ್ಳೆಯದೇ. ರಾಜಿ ಮಾಡಿಸುವುದು ಪುಣ್ಯದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಗದವಿಲ್ಲದ ರಾಜಿಯು ಯಾರ ಪಕ್ಷ ವಹಿಸುತ್ತದೆ? ಪ್ರತಿಯೊಂದು ಬೈಠಕ್ಕೂ, ಪ್ರತಿಯೊಂದು ‘ಮುಂದಿನ ತಿಂಗಳು ನೋಡೋಣ’ವೂ ಸೋರುವ ಮನೆಯವನ ಗಡುವಿನಿಂದ ದಿನಗಳನ್ನು ಕಿತ್ತು ತಪ್ಪಿತಸ್ಥನ ಕೈಗೆ ಕೊಡುತ್ತದೆ. ನಿಷ್ಪಕ್ಷಪಾತಿಗಳೆಂದು ತಮ್ಮನ್ನು ತಿಳಿದುಕೊಂಡಿರುವವರೇ ಅರಿವಿಲ್ಲದೆ ಒಂದು ಪಕ್ಷದ ವಕೀಲರಾಗಿಬಿಡುತ್ತಾರೆ.

ವಿಪರ್ಯಾಸವೆಂದರೆ ಬರಹದ ವಿಷಯದಲ್ಲಿ ಉದಾಸೀನ ತೋರಲು ನಮಗೆ ಯಾವ ನೆಪವೂ ಇಲ್ಲ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಅಲ್‌ಬಕರದ 282ನೆಯದು. ಅದು ಇರುವುದು ನಮಾಝಿನ ಬಗ್ಗೆಯಲ್ಲ, ಸಾಲದ ವ್ಯವಹಾರವನ್ನು ವಾಯಿದೆ ಸಹಿತ ಬರೆದಿಡುವುದರ ಬಗ್ಗೆ. ಸಾಕ್ಷಿಗಳನ್ನು ಇಟ್ಟುಕೊಳ್ಳಲು ಅದು ಆದೇಶಿಸುತ್ತದೆ. ಮೊತ್ತ ಚಿಕ್ಕದೆಂದು ಬರೆಯಲು ಬೇಸರಪಡಬಾರದೆಂದೂ ಎಚ್ಚರಿಸುತ್ತದೆ. ಅದನ್ನು ಸುಶ್ರಾವ್ಯವಾಗಿ ಪಠಿಸಬಲ್ಲವರು ನಮ್ಮಲ್ಲಿ ಎಷ್ಟೋ ಮಂದಿ. ಮನೆ ಕಟ್ಟಿಸುವಾಗ ಒಂದು ಹಾಳೆ ತೆಗೆದವರು ಎಷ್ಟು ಮಂದಿ?

ಕಾಲದ ಗಡುವೆಂಬುದು ಆಂಗ್ಲರು ತಂದ ಅನ್ಯಾಯ ಎನ್ನುವವರೂ ಇದ್ದಾರೆ. ಅದು ಪೂರ್ತಿ ಸರಿಯಲ್ಲ. ಉಸ್ಮಾನಿಯಾ ಸಾಮ್ರಾಜ್ಯವು 1869ರಿಂದ 1876ರವರೆಗೆ ಹನಫೀ ಫಿಕ್‌ಹ್‌ನ ಆಧಾರದಲ್ಲಿ ರೂಪಿಸಿದ ‘ಮಜಲ್ಲ’ ಸಂಹಿತೆಯು ಸಾಮಾನ್ಯ ದಾವೆಗಳಿಗೆ 15 ವರ್ಷದ ಮಿತಿ ಹಾಕಿತ್ತು. ವಕ್ಫಿನ ಮೂಲಕ್ಕೆ ಸಂಬಂಧಿಸಿದ ಮುತವಲ್ಲಿಯ ದಾವೆಗೆ 36 ವರ್ಷ. ಸಾಕ್ಷಿಗಳು ಸಾಯುತ್ತಾರೆ, ನೆನಪು ಮಾಸುತ್ತದೆ, ಕಾಗದ ಗೆದ್ದಲು ತಿನ್ನುತ್ತದೆ. ಕಟ್ಟಿದವನ ನೆತ್ತಿಯ ಮೇಲೆ ಆಜೀವ ಕತ್ತಿ ತೂಗಿಸುವುದೂ ನ್ಯಾಯವಲ್ಲ. ಆದರೆ ಆ ಸಂಹಿತೆಯಲ್ಲಿ ಇನ್ನೊಂದು ಮಾತಿದೆ. ಕಾಲ ಸರಿದ ಮಾತ್ರಕ್ಕೆ ಹಕ್ಕು ನಾಶವಾಗುವುದಿಲ್ಲ, ಪ್ರತಿವಾದಿಯು ಕಾಝಿಯ ಮುಂದೆ ಒಪ್ಪಿಕೊಂಡರೆ ಎಷ್ಟು ವರ್ಷ ಕಳೆದಿದ್ದರೂ ತೀರ್ಪು ಕೊಡಬೇಕು. ನಮ್ಮ ದೇಶದ ಕಾನೂನಿನಲ್ಲೂ ಈ ಛಾಯೆ ಇದೆ. ಅವಧಿ ಮೀರಿದ ಸಾಲವನ್ನು ತೀರಿಸುತ್ತೇನೆಂದು ಸಾಲಗಾರನು ಬರೆದು ಸಹಿ ಹಾಕಿದರೆ 1872ರ ಕರಾರು ಕಾಯ್ದೆಯ 25ನೆಯ ಕಲಮಿನ ಪ್ರಕಾರ ಅದು ಊರ್ಜಿತ. ಅಂದರೆ ಮುಚ್ಚುವುದು ನ್ಯಾಯಾಲಯದ ಬಾಗಿಲು ಮಾತ್ರ. ತೆಗೆದುಕೊಂಡ ಹಣದ ಋಣ ಗುತ್ತೇದಾರನ ಕೊರಳಲ್ಲಿ ಹಾಗೆಯೇ ಉಳಿಯುತ್ತದೆ.

ಈ ಋಣ ಒಂದು ಕಡೆಯದಷ್ಟೇ ಅಲ್ಲ. ಗೌಂಡಿಗೆ, ಫರ್ಸಿ ಹಾಸುವವನಿಗೆ ಬಾಕಿ ಉಳಿಸಿ ಗೃಹಪ್ರವೇಶದ ಬಿರಿಯಾನಿ ಬಡಿಸುವವರೂ ನಮ್ಮಲ್ಲಿದ್ದಾರೆ. ಶಹಾಬಾದಿನ ಕಲ್ಲು ದೇಶದ ಎಷ್ಟೋ ಅಂಗಳಗಳಲ್ಲಿ ಹಾಸಿದೆ, ಅದನ್ನು ಹಾಸಿದವನ ಕೂಲಿಯ ಲೆಕ್ಕ ಎಲ್ಲಿಯೂ ಬರೆದಿಲ್ಲ. ವಾಯಿದೆ ಗೊತ್ತುಪಡಿಸದೆ ಮಾಡಿಸಿಕೊಂಡ ಕೆಲಸದ ಹಣಕ್ಕೆ ಕೆಲಸ ಮುಗಿದ ದಿನದಿಂದ ಮೂರು ವರ್ಷ ಎಂಬುದು 18ನೆಯ ಅನುಚ್ಛೇದ. ಕೂಲಿಯನ್ನು ತಡಮಾಡಬಾರದೆಂಬ ಪ್ರವಾದಿ(ಸ)ರ ತಾಕೀತನ್ನು ಬಲ್ಲ ಯಜಮಾನನೇ ಆ ಮೂರು ವರ್ಷ ಕಳೆಯಲೆಂದು ಕಾಯುವುದಾದರೆ ಅವನನ್ನು ಏನೆಂದು ಕರೆಯೋಣ?

ಈಗ ನಗರದ ಕಡೆ ನೋಡಿ. ಬೆಂಗಳೂರಿನಲ್ಲಿ ನೋಂದಾಯಿತ ಯೋಜನೆಯ ಫ್ಲ್ಯಾಟು ಕೊಂಡವನಿಗೆ 2016ರ ರೇರಾ ಕಾಯ್ದೆಯ 14ನೆಯ ಕಲಮಿದೆ. ಸ್ವಾಧೀನ ಪಡೆದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲಿ ಕೆಲಸದ ಗುಣಮಟ್ಟದಲ್ಲಾಗಲಿ ದೋಷ ತೋರಿಸಿದರೆ ಬಿಲ್ಡರನು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ಆದರೆ 500 ಚದರ ಮೀಟರು ಮೀರದ ಜಾಗಕ್ಕೆ, ಎಂಟು ಮೀರದ ಮನೆಗಳಿಗೆ ನೋಂದಣಿಯ ಕಡ್ಡಾಯವೇ ಇಲ್ಲ. ಸ್ವಂತ ನಿವೇಶನದಲ್ಲಿ ಗುತ್ತೇದಾರನಿಂದ ಕಟ್ಟಿಸಿಕೊಂಡವನಂತೂ ಆ ಕಾಯ್ದೆಯ ಕಣ್ಣಿಗೆ ಬೀಳುವುದೇ ಇಲ್ಲ. ಚಿಂಚೋಳಿಯಲ್ಲಿ ಫ್ಲ್ಯಾಟು ಕೊಳ್ಳುವವರಾದರೂ ಎಷ್ಟು ಮಂದಿ? ನಮ್ಮ ತಾಲೂಕುಗಳ ಜನ ಮನೆಯನ್ನು ಕೊಳ್ಳುವುದಿಲ್ಲ, ಕಟ್ಟಿಸುತ್ತಾರೆ. ಹಣವಂತ ಖರೀದಿದಾರನಿಗೆ ಐದು ವರ್ಷ, ಸಣ್ಣ ಊರಿನ ಮನೆಯೊಡೆಯನಿಗೆ ಮೂರು! ಫ್ರಾನ್ಸಿನಲ್ಲಿ ಕಟ್ಟಡ ದುರ್ಬಲಗೊಂಡರೆ ಕಟ್ಟಿದವನ ಹೊಣೆ ಹತ್ತು ವರ್ಷ. ಈಜಿಪ್ಟಿನ 1948ರ ನಾಗರಿಕ ಸಂಹಿತೆಯೂ ಇಂಜಿನಿಯರ್ ಮತ್ತು ಗುತ್ತೇದಾರರಿಬ್ಬರ ಮೇಲೆ ಕುಸಿತದ ಹೊಣೆಯನ್ನು ಹತ್ತು ವರ್ಷಕ್ಕೆ ಹೊರಿಸಿದೆ. ಅಲ್ಲಿ ಗುತ್ತೇದಾರರು ದಿವಾಳಿಯಾಗಿಲ್ಲ. ನಮ್ಮ ಶಾಸಕರು ಇದರ ಬಗ್ಗೆ ಒಂದು ಪ್ರಶ್ನೆಯನ್ನಾದರೂ ಎತ್ತಬಹುದಿತ್ತು.

ಇದ್ದುದರಲ್ಲಿ ಹತ್ತಿರದ ದಾರಿ ಗ್ರಾಹಕರ ಆಯೋಗ. ಮನೆ ನಿರ್ಮಾಣವನ್ನು 1993ರಲ್ಲೇ ‘ಸೇವೆ’ಯ ವ್ಯಾಖ್ಯೆಗೆ ಸೇರಿಸಲಾಗಿದೆ. 2019ರ ಕಾಯ್ದೆಯ ಪ್ರಕಾರ ವಾಸವಿರುವ ಜಿಲ್ಲೆಯಲ್ಲೇ, ಅಂದರೆ ನಮಗೆ ಕಲಬುರಗಿಯಲ್ಲೇ, ದೂರು ಕೊಡಬಹುದು. ಗಡುವು ಎರಡೇ ವರ್ಷ. ಆದರೆ ಸಿವಿಲ್ ದಾವೆಗೆ ಇಲ್ಲದ ಅನುಕೂಲವೊಂದು ಇಲ್ಲಿದೆ. ಸಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರ ಆಯೋಗಕ್ಕುಂಟು. ಮಹಿಳೆಯ ಹೆಸರಿನಲ್ಲಿ ಮನೆಯಿದ್ದರೆ ಆಕೆ ತಾಲೂಕಿನ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರನ್ನು ಪಡೆಯಬಹುದು, ಅದಕ್ಕೆ ಆದಾಯದ ಮಿತಿಯಿಲ್ಲ. ಇದನ್ನು ಶುಕ್ರವಾರದ ಪ್ರವಚನದ ಬಳಿಕ ಎರಡು ನಿಮಿಷ ತಿಳಿಸಿದರೆ ನಷ್ಟವೇನು?

ಬಿರುಕು ಯಾರಿಂದ ಬಂತೆಂಬ ಪ್ರಶ್ನೆಯೂ ನಮ್ಮ ಭಾಗದಲ್ಲಿ ಜಟಿಲ. ವಾಡಿ, ಶಹಾಬಾದ್, ಮಳಖೇಡ, ಸೇಡಂ ಎಲ್ಲವೂ ಸುಣ್ಣದ ಕಲ್ಲಿನ ನಾಡು. ಗಣಿಯ ಸ್ಫೋಟಕ್ಕೆ ಗೋಡೆ ಅದುರುವುದು ಇಲ್ಲಿನವರಿಗೆ ಹೊಸತಲ್ಲ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಸುತ್ತ ಭೂಮಿಯೇ ಮತ್ತೆ ಮತ್ತೆ ಕಂಪಿಸಿ ಜನ ಮನೆಯೊಳಗೆ ಮಲಗಲು ಹೆದರಿದ್ದರು. ಗುತ್ತೇದಾರನು ಕಂಪನದತ್ತ ಬೆರಳು ತೋರುತ್ತಾನೆ, ಗಣಿಯವರು ಗುತ್ತೇದಾರನತ್ತ ತೋರುತ್ತಾರೆ. ನೆರೆಯವನ ಕೆಲಸದಿಂದ ಹಾನಿ ಉಂಟಾದಾಗ ಮಾತ್ರ ದಾವೆ ಹುಟ್ಟುವಂತಿದ್ದರೆ ಹಾನಿಯಾದ ದಿನದಿಂದ ಎಣಿಕೆ ಎನ್ನುತ್ತದೆ 23ನೆಯ ಕಲಮು. ತಪ್ಪು ಮುಂದುವರಿಯುತ್ತಿರುವಷ್ಟು ಕಾಲ ಹೊಸ ಗಡುವು ಹುಟ್ಟುತ್ತಿರುತ್ತದೆ ಎನ್ನುತ್ತದೆ 22ನೆಯದು. ಆದರೆ ಮೊದಲ ಬಿರುಕು ಎಂದು ಕಂಡಿತೆಂಬುದಕ್ಕೆ ದಿನಾಂಕವಿರುವ ಒಂದು ಛಾಯಾಚಿತ್ರವೂ ಇಲ್ಲದಿದ್ದರೆ ಈ ಕಲಮುಗಳನ್ನು ಕಟ್ಟಿಕೊಂಡು ಏನು ಮಾಡುವುದು?

ಒಬ್ಬನ ಜಾಗದ ಮೇಲೆ ಇನ್ನೊಬ್ಬನು ಕಟ್ಟಡ ಎಬ್ಬಿಸಿದಾಗ ಪರಿಣಾಮ ಇನ್ನೂ ಘೋರ. 65ನೆಯ ಅನುಚ್ಛೇದದಂತೆ ಸ್ವಾಧೀನದ ದಾವೆಗೆ 12 ವರ್ಷ. ಅದು ಕಳೆದರೆ 27ನೆಯ ಕಲಮು ಹಕ್ಕನ್ನೇ ಅಳಿಸಿಹಾಕುತ್ತದೆ. ಇಲ್ಲಿ ಮಜಲ್ಲದ ದಾರಿಯೂ ನಮ್ಮ ದಾರಿಯೂ ಬೇರೆಯಾಗುತ್ತವೆ. ವಕ್ಫ್ ಜಮೀನಿನ ಸ್ವಾಧೀನದ ದಾವೆಗೆ 1995ರ ಕಾಯ್ದೆಯ 107ನೆಯ ಕಲಮು ಈ ಗಡುವಿನಿಂದ ವಿನಾಯಿತಿ ಕೊಟ್ಟಿತ್ತು. 2025ರ ತಿದ್ದುಪಡಿ ಅದನ್ನು ಕಿತ್ತುಕೊಂಡಿತು, ಸುಪ್ರೀಂ ಕೋರ್ಟಿನ 2025ರ ಸೆಪ್ಟೆಂಬರ್ 15ರ ಮಧ್ಯಂತರ ಆದೇಶವೂ ಈ ಅಂಶಕ್ಕೆ ತಡೆ ನೀಡಲಿಲ್ಲ. ತಿದ್ದುಪಡಿಯನ್ನು ವಿರೋಧಿಸುವುದು ನಮ್ಮ ಹಕ್ಕು. ಆದರೆ ಮೂವತ್ತು ವರ್ಷ ವಿನಾಯಿತಿ ಇದ್ದಾಗ ಎಷ್ಟು ಮುತವಲ್ಲಿಗಳು ದಾವೆ ಹೂಡಿದರು? ಖಬರಸ್ತಾನದ ಗೋಡೆ ಒಳಗೆ ಸರಿಯುತ್ತಿದ್ದಾಗ, ಅದರ ಮೇಲೆ ಅಂಗಡಿಗಳು ಏಳುತ್ತಿದ್ದಾಗ ಕಮಿಟಿಯ ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬರೆದವರಾರು? ಇಲ್ಲೂ ಅದೇ ಚಹಾ, ಅದೇ ‘ನೋಡೋಣ’.

ಹಿರಿಯರು ರಾಜಿ ಮಾಡಿಸುವುದನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಮೊದಲ ಬೈಠಕ್ಕಿನಲ್ಲೇ ಒಂದು ಛಾಪಾ ಕಾಗದ ತರಿಸಲಿ. ಮನೆ ಒಪ್ಪಿಸಿದ ದಿನಾಂಕ, ಕಂಡ ದೋಷ, ಅದನ್ನು ಇಂಥ ತಾರೀಖಿನೊಳಗೆ ಇಂಥವರು ತಮ್ಮ ಖರ್ಚಿನಲ್ಲಿ ಸರಿಪಡಿಸುವರೆಂಬ ಮಾತು, ಗುತ್ತೇದಾರನ ಸಹಿ, ಇಬ್ಬರು ಸಾಕ್ಷಿಗಳು. ಗಡುವು ಮುಗಿಯುವ ಮುನ್ನ ಹೀಗೆ ಹೊಣೆ ಒಪ್ಪಿ ಸಹಿ ಹಾಕಿದರೆ 18ನೆಯ ಕಲಮಿನಂತೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ಅಷ್ಟೇ ಅಲ್ಲ, ಆ ಬರಹವೇ ಒಂದು ಹೊಸ ಕರಾರು. ಅದನ್ನು ಮುರಿದರೆ ಮುರಿದ ದಿನದಿಂದ ಮತ್ತೆ ಮೂರು ವರ್ಷ. ಗುತ್ತೇದಾರನು ಸಹಿ ಹಾಕಲು ಹಿಂಜರಿದರೆ ಅವನ ಮನಸ್ಸಿನಲ್ಲೇನಿದೆಯೆಂದು ಅಂದೇ ಗೊತ್ತಾಗುತ್ತದೆ. ಹಿರಿಯರೂ ಅಂದೇ ಕೈ ತೊಳೆದುಕೊಂಡು ಮನೆಯೊಡೆಯನನ್ನು ವಕೀಲರ ಬಳಿಗೆ ಕಳುಹಿಸಬಹುದು. 2024ರ ಬೇಸಿಗೆಯಲ್ಲಿ ಮನೆ ವಹಿಸಿಕೊಂಡವರ ಮೂರು ವರ್ಷ 2027ರ ಬೇಸಿಗೆಗೆ ಮುಗಿಯುತ್ತದೆ, ಗ್ರಾಹಕರ ಆಯೋಗದ ಎರಡು ವರ್ಷ ಅದಕ್ಕೂ ಒಂದು ಬೇಸಿಗೆ ಮೊದಲೇ.