ಯಾರಿಗೂ ಬೇಡವಾದ ಕತ್ತೆ ಮತ್ತು ನಮ್ಮ ಖಾಲಿ ಕೊಟ್ಟಿಗೆಗಳು

ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯವು ಕುದುರೆ ಮತ್ತು ಹೇಸರಗತ್ತೆಗಳ ಜೊತೆಯಲ್ಲೇ ಕತ್ತೆಯನ್ನೂ ಹೆಸರಿಸಿ, ಅವು ಮನುಷ್ಯನ ಸವಾರಿಗೂ ಶೋಭೆಗೂ ಸೃಷ್ಟಿಸಲ್ಪಟ್ಟಿವೆ ಎಂದು ತಿಳಿಸುತ್ತದೆ. ನಾವಾದರೋ ಆ ಹೆಸರನ್ನು ಬೈಗುಳಕ್ಕಷ್ಟೇ ಉಳಿಸಿಕೊಂಡಿದ್ದೇವೆ. ಪ್ರವಾದಿ(ಸ)ಯವರು ಉಫೈರ್ ಎಂಬ ಕತ್ತೆಯ ಮೇಲೆ ಮುಆದ್(ರ)ರನ್ನು ಹಿಂದೆ ಕೂರಿಸಿಕೊಂಡು ಸಾಗಿದ ವರದಿ ಸಹೀಹ್ ಬುಖಾರಿಯಲ್ಲಿದೆ. ಮುಖಕ್ಕೆ ಬರೆ ಹಾಕಲಾಗಿದ್ದ ಕತ್ತೆಯೊಂದನ್ನು ಕಂಡು, ಹಾಗೆ ಮಾಡಿದವನನ್ನು ಅವರು ಶಪಿಸಿದ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಒಂದು ಮೂಕಪ್ರಾಣಿಯ ನೋವು ಕಾರುಣ್ಯದ ಪ್ರವಾದಿಯನ್ನು ಅಷ್ಟು ಕಲಕಿತ್ತು.

ಇಂದು ಆ ಪ್ರಾಣಿಯ ಸ್ಥಿತಿ ಏನಾಗಿದೆ? 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು. 2019ರಲ್ಲಿ ಉಳಿದದ್ದು ಸುಮಾರು 1.2 ಲಕ್ಷ. ಅಗಸರ ಗಂಟು, ಇಟ್ಟಿಗೆ, ಮರಳು ಎಲ್ಲವೂ ವಾಹನಗಳ ಪಾಲಾದವು. ಚೀನಾದಲ್ಲಿ ಎಜಿಯಾವೊ ಎಂಬ ಔಷಧಿ ತಯಾರಿಸಲು ಕತ್ತೆಯ ಚರ್ಮಕ್ಕೆ ಬೇಡಿಕೆ ಎಷ್ಟು ಹೆಚ್ಚಿತೆಂದರೆ, ಚರ್ಮಕ್ಕಾಗಿ ಕತ್ತೆಗಳನ್ನು ಕೊಲ್ಲುವುದನ್ನು 2024ರ ಫೆಬ್ರವರಿಯಲ್ಲಿ ಆಫ್ರಿಕನ್ ಒಕ್ಕೂಟವೇ ನಿಷೇಧಿಸಬೇಕಾಯಿತು. ಅದೇ ವರ್ಷ ನಮ್ಮ ಹೊಸಪೇಟೆಯಲ್ಲಿ, ಹಾಲನ್ನು ತಾನೇ ಕೊಳ್ಳುವುದಾಗಿ ನಂಬಿಸಿ ಕತ್ತೆಗಳನ್ನು ಮಾರಿದ ಕಂಪನಿಯೊಂದರ ವಿರುದ್ಧ ರೈತರು ಪೊಲೀಸರ ಮೊರೆ ಹೋದರು. ಮನುಷ್ಯರು ಕಳೆದುಕೊಂಡ ಹಣದ ಲೆಕ್ಕ ಪತ್ರಿಕೆಗಳಲ್ಲಿ ಬಂತು. ಆದಾಯ ತಾರದ ಆ ಕತ್ತೆಗಳಿಗೆ ಮುಂದೆ ಗತಿ ಯಾರು ಎಂಬುದು ಅಷ್ಟೇ ದೊಡ್ಡ ಪ್ರಶ್ನೆಯಲ್ಲವೇ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಸು ಸಾಕುವುದನ್ನು ಬಿಟ್ಟ ಮನೆಗಳಲ್ಲಿ ಕೊಟ್ಟಿಗೆಗಳು ಖಾಲಿ ಬಿದ್ದಿವೆ. ರಕ್ಷಿಸಲ್ಪಟ್ಟ ಕತ್ತೆಗಳಿಗೆ ಅಲ್ಲಿ ಆಶ್ರಯ ಕೊಡಬಹುದೇ? ಕೊಡಬಹುದು, ಆದರೆ ಕೇವಲ ಮರುಕದಿಂದ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಕತ್ತೆ ಮೂಲತಃ ಒಣನಾಡಿನ ಜೀವಿ. ಅದರ ರೋಮಕ್ಕೆ ಮಳೆನೀರನ್ನು ತಡೆಯುವ ಗುಣ ಕಡಿಮೆ. ಶೃಂಗೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಇಲ್ಲಿ ಸೋರದ ಮಾಡು, ಒಣಗಿದ ನೆಲ ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಗೊರಸು ಕೊಳೆಯುತ್ತದೆ. ಮಲೆನಾಡಿನ ಹಚ್ಚಹಸಿರು ಹುಲ್ಲು ಹಸುವಿಗೆ ಅಮೃತ. ಕತ್ತೆಗೆ ಅತಿಯಾದರೆ ಗೊರಸಿನೊಳಗೆ ಉರಿಯೂತ ತರುವ ವಿಷ. ಅದಕ್ಕೆ ಬೇಕಾದದ್ದು ಒಣಹುಲ್ಲು. ಎರಡು ತಿಂಗಳಿಗೊಮ್ಮೆಯಾದರೂ ಗೊರಸು ಕತ್ತರಿಸಬೇಕು, ಧನುರ್ವಾಯುವಿನ ಲಸಿಕೆ ಹಾಕಿಸಬೇಕು. ಒಂಟಿ ಕತ್ತೆ ಕೊರಗುತ್ತದೆ; ಮೇವು ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ. ಆದ್ದರಿಂದಲೇ 1969ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಡಾಂಕಿ ಸ್ಯಾಂಕ್ಚುಅರಿ ಕತ್ತೆಗಳನ್ನು ಮನೆಗಳಿಗೆ ಕೊಡುವಾಗ ಜೋಡಿಯಾಗಿಯೇ ಕೊಡುತ್ತದೆ. ಚೆನ್ನಾಗಿ ನೋಡಿಕೊಂಡರೆ ಕತ್ತೆ ಮೂವತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಇಂದು ಒಪ್ಪಿಕೊಳ್ಳುವ ತಂದೆ, ನಾಳೆ ಮಗನೂ ಒಪ್ಪುವನೇ ಎಂದು ಕೇಳಿಕೊಳ್ಳಬೇಕು.

ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ಅದಾಗಿ ಹುಡುಕಿ ತಿನ್ನಲೂ ಬಿಡದೆ ಶಿಕ್ಷೆಗೆ ಗುರಿಯಾದ ಸ್ತ್ರೀಯ ಹದೀಸನ್ನು ನಾವು ಮದ್ರಸದ ಮಕ್ಕಳಿಗೆ ಕಲಿಸುತ್ತೇವೆ. ಆ ಹದೀಸ್ ಪ್ರಾಣಿಯನ್ನು ದ್ವೇಷಿಸಿದವರ ಕುರಿತದ್ದಲ್ಲ, ತನ್ನ ಸುಪರ್ದಿಗೆ ತೆಗೆದುಕೊಂಡು ಹೊಣೆ ಮರೆತವರ ಕುರಿತದ್ದು. ಮನೆಗೆ ತಂದ ಪ್ರಾಣಿ ಅಮಾನತ್ ಆಗಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿಯೂ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ.

ಮನುಷ್ಯರಿಗೇ ಸೂರಿಲ್ಲದಿರುವಾಗ ಕತ್ತೆಗೇಕೆ ಎಂದು ಕೆಲವರು ಕೇಳಬಹುದು. ಬಾಯಾರಿದ ನಾಯಿಗೆ ಬಾವಿಯಿಂದ ನೀರೆತ್ತಿ ಕುಡಿಸಿದವನಿಗೆ ಅಲ್ಲಾಹನು ಕ್ಷಮೆ ನೀಡಿದಾಗಲೂ ಲೋಕದಲ್ಲಿ ಬಾಯಾರಿದ ಮನುಷ್ಯರಿದ್ದರು. ಕರುಣೆ ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆಯಾಗುವ ವಸ್ತುವಲ್ಲ.

ಆದ್ದರಿಂದ ಜಾಗ, ಒಣ ಕೊಟ್ಟಿಗೆ ಮತ್ತು ತಾಳ್ಮೆ ಉಳ್ಳವರು ಮೊದಲು ಪಶುವೈದ್ಯರನ್ನು ವಿಚಾರಿಸಲಿ. ಬಳಿಕ ಪ್ರಾಣಿ ರಕ್ಷಣಾ ಸಂಸ್ಥೆಯ ಮೂಲಕ, ಕಾಗದಪತ್ರಗಳೊಂದಿಗೆ, ಜೋಡಿಯಾಗಿಯೇ ತರಲಿ. ದಲ್ಲಾಳಿಯಿಂದ ಕೊಳ್ಳುವುದು ಬೇಡ. ಅದು ರಕ್ಷಣೆಯಲ್ಲ, ವ್ಯಾಪಾರಕ್ಕೆ ಉತ್ತೇಜನ. ಅನುಕೂಲವಿಲ್ಲದವರು ಸಾಕುವವರಿಗೆ ಒಂದು ಹೊರೆ ಒಣಹುಲ್ಲು ಕೊಡಲಿ. ಅದೂ ಪುಣ್ಯದ ಕೆಲಸವೇ.

ಮಾತು ಬಾರದ ಜೀವಿಗಳ ಹಕ್ಕನ್ನು ಅರಿತು ನಡೆಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.