ಸಾಲ್ವಿಯಾ ಸಸಿಯನ್ನು ವರ್ಷ ವರ್ಷವೂ ಕೊಳ್ಳಬೇಕೆ?



ಮಳೆ ಹಿಂದಾಗುತ್ತಲೇ ಸಾಗರ, ಹೊಸನಗರ, ತೀರ್ಥಹಳ್ಳಿ ಪೇಟೆಗಳಲ್ಲಿ ಹೂವಿನ ಸಸಿಗಳ ಮಾರಾಟ ಜೋರಾಗುತ್ತದೆ. ಅವುಗಳಲ್ಲಿ ಸಾಲ್ವಿಯಾವೂ ಒಂದು. ‘ಸೀಸನ್ ಹೂ’ ಎಂದು ಮಾರುವ ಇದನ್ನು ಕೊಂಡು ನೆಡುವುದು, ಮಳೆಗಾಲದಲ್ಲಿ ಕೊಳೆತ ಮೇಲೆ ಮತ್ತೆ ಕೊಳ್ಳುವುದು ಅನೇಕ ಮನೆಗಳಲ್ಲಿ ರೂಢಿಯಾಗಿದೆ. ಈ ಖರ್ಚು ಅನಗತ್ಯವೆಂಬುದು ನನ್ನ ಅಭಿಪ್ರಾಯ.

ಸಾಲ್ವಿಯಾ ತುಳಸಿ, ತುಂಬೆ, ದೊಡ್ಡಪತ್ರೆಗಳ ಕುಟುಂಬಕ್ಕೆ ಸೇರಿದ ಗಿಡ. ಕಾಂಡವನ್ನು ಮುಟ್ಟಿ ನೋಡಿದರೆ ತುಳಸಿಯಂತೆಯೇ ನಾಲ್ಕು ಮೂಲೆ. ಕೆಂಪು ಜಾತಿ ಬ್ರೆಜಿಲ್‌ನದು, ನೀಲಿಯದು ಮೆಕ್ಸಿಕೊ, ಟೆಕ್ಸಾಸ್ ಕಡೆಯದು. ಎರಡೂ ಮೂಲತಃ ಬಹುವಾರ್ಷಿಕ. ಅವುಗಳ ಆಯುಸ್ಸು ಮುಗಿಸುವುದು ನಮ್ಮ ಮಳೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿ ಸುರಿಯುವ ಆಗುಂಬೆಯ ಸೀಮೆಯಲ್ಲಿ ಬೇರು ಕೊಳೆಯದೆ ಇನ್ನೇನಾದೀತು? ಅಡಿಕೆಗೆ ಹೊಡೆದಂತೆ ಬೋರ್ಡೋ ಹೊಡೆದು ಉಳಿಸುವ ಆಸೆ ಬೇಡ.

‘ತೋಟ ಬಿಟ್ಟು ಹೂವಿನ ಮಾತೇಕೆ?’ ಎನ್ನುವ ಯಜಮಾನರಿದ್ದಾರೆ. ತೋಟಕ್ಕೂ ಇದಕ್ಕೂ ನಂಟಿದೆ. ಏಲಕ್ಕಿ ಕಾಯಿಕಟ್ಟಲು ಜೇನ್ನೊಣ ಬೇಕು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ರಾಜ್ಯದ ತುಡುವೆ ಜೇನುಪೆಟ್ಟಿಗೆಗಳು ಬರಿದಾದುದು ಹಿರಿಯರಿಗೆ ನೆನಪಿದೆ. ಮಳೆಗಾಲದ ಉಪವಾಸದಿಂದ ಸೊರಗಿದ ನೊಣಗಳಿಗೆ ಅಕ್ಟೋಬರಿನಿಂದಾಚೆ ಅಂಗಳದ ಹೂವೂ ಆಹಾರವೇ. ಆದರೆ ಕೆಂಪು ಸಾಲ್ವಿಯಾದ ಕೊಳವೆ ಉದ್ದ, ಅದು ಸೂರಕ್ಕಿಗೆ ಹೇಳಿಸಿದ್ದು. ಜೇನಿಗಾಗಿ ನೀಲಿಯನ್ನೇ ಆರಿಸಿರಿ. ನಾಲ್ಕು ಕುಂಡದಿಂದ ಪೆಟ್ಟಿಗೆ ತುಂಬುವುದಿಲ್ಲ, ಸಾಲಾಗಿ ಬೆಳೆಸಬೇಕು. ಅಂಗಳದಂಚಿನ ತುಂಬೆಗೆ ಕಳೆನಾಶಕ ಹೊಡೆದು, ಪೇಟೆಯಿಂದ ಸಾಲ್ವಿಯಾ ತರುವವರನ್ನೂ ಕಂಡಿದ್ದೇನೆ. ಇದೆಂಥ ಲೆಕ್ಕವೋ!

ಉಳಿಸುವ ಕ್ರಮ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಡೇರೆ ಗೆಡ್ಡೆಯನ್ನು ಜೋಪಾನಮಾಡಿ, ಮನೆಯಿಂದ ಮನೆಗೆ ಹಂಚಿ, ಮಳೆಗಾಲದ ಅಂಗಳವನ್ನು ತುಂಬಿಸಿದವರು ಅವರೇ. ಸಾಲ್ವಿಯಾಕ್ಕೆ ಗೆಡ್ಡೆಯಿಲ್ಲ, ಕುಡಿಯನ್ನು ಉಳಿಸಬೇಕು. ಮೇ ತಿಂಗಳ ಮೊದಲಲ್ಲಿ ಹೂವಿಲ್ಲದ ಎಳೆಯ ಕುಡಿಗಳನ್ನು ನಾಲ್ಕು ಇಂಚು ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಊರಿ ನೆರಳಲ್ಲಿಡಿ. ಸುಮಾರು ಮೂರು ವಾರಕ್ಕೆ ಬೇರು ಬರುತ್ತದೆ. ಮಳೆಗಾಲವಿಡೀ ಇವು ಜಗುಲಿಯ ಅಂಚಿನಲ್ಲಿರಲಿ: ಬೆಳಕು ಬೀಳಬೇಕು, ಸೂರಿನ ನೀರು ಬೀಳಬಾರದು. ಮಣ್ಣು ಒಣಗಿದಾಗ ಮಾತ್ರ ನೀರು.

ಸೆಪ್ಟೆಂಬರ್ ಕೊನೆಗೆ ಮಳೆ ಬಿಡುವಾದಾಗ ಅರ್ಧ ಅಡಿಗಿಂತ ಎತ್ತರದ ಏರುಮಡಿಯಲ್ಲಿ ಒಂದಡಿ ಅಂತರಕ್ಕೆ ನೆಡಿ. ಅರ್ಧ ದಿನವಾದರೂ ಬಿಸಿಲು ಬೀಳುವ ಜಾಗವಾಗಬೇಕು, ಅಡಿಕೆಯ ನೆರಳಿಗೆ ಹೂ ಬಾರದು. ಗೊಬ್ಬರ ಹೆಚ್ಚಾದರೆ ಬರೀ ಸೊಪ್ಪು. ತೆನೆ ಬಾಡಿದೊಡನೆ ಕತ್ತರಿಸಿದರೆ ಪಕ್ಕದಿಂದ ಹೊಸ ತೆನೆ ಹೊರಡುತ್ತದೆ. ಬೇರೂರಿದ ಕುಡಿಗಳಲ್ಲಿ ನಾಲ್ಕಾರನ್ನು ನೆರೆಮನೆಗೂ ಕೊಟ್ಟಿಡಿ. ನಿಮ್ಮಲ್ಲಿ ಕೊಳೆತರೆ ಅಲ್ಲಿಂದ ತರಬಹುದು.